ತೂಕ ಇಳಿಯದಿದ್ದರೂ ಲಿವರಿನ ಕೊಬ್ಬು ಇಳಿಯುತ್ತದೆ: ನಡಿಗೆ, ಬಸ್ಕಿ ಮತ್ತು ಹನ್ನೆರಡು ವಾರ

ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಅಂತ ಬರೆದಿದ್ದನ್ನು ತೋರಿಸಿದಾಗ ನನಗೆ ಸಿಕ್ಕ ಸಲಹೆ ಎರಡೇ ಪದದ್ದು: ‘ತೂಕ ಇಳಿಸಿ.’ ಎಷ್ಟು ಇಳಿಸಬೇಕು, ಹೇಗೆ, ಅಷ್ಟರೊಳಗೆ ಲಿವರಿನಲ್ಲಿ ಏನಾಗುತ್ತಿರುತ್ತದೆ, ಇದನ್ನೆಲ್ಲ ಯಾರೂ ಬಿಡಿಸಿ ಹೇಳಲಿಲ್ಲ. ಮಾರನೇ ದಿನವೇ ನಡೆಯಲು ಶುರು ಮಾಡಿದೆ. ಆರು ವಾರ ಒಂದು ದಿನವೂ ತಪ್ಪಿಸಲಿಲ್ಲ. ತೂಕದ ಯಂತ್ರದ ಮುಳ್ಳು ಮಾತ್ರ ಅರ್ಧ ಕೇಜಿಯೂ ಕದಲಲಿಲ್ಲ. ಏಳನೇ ವಾರ ಬಿಟ್ಟುಬಿಟ್ಟೆ.

ಆಗ ಬಿಡಬಾರದಿತ್ತು. ಲಿವರಿನ ಕೊಬ್ಬು ತೂಕದ ಯಂತ್ರಕ್ಕೆ ಕಾಯುವುದಿಲ್ಲ. ಮುಳ್ಳು ಇದ್ದಲ್ಲೇ ಇದ್ದರೂ ಲಿವರ್ ಹಗುರವಾಗಬಹುದು. ಇದನ್ನು ಅಳೆದು ತೋರಿಸಿದ ಅಧ್ಯಯನಗಳೇ ಇವೆ. ನನ್ನ ಹಾಗೆ ನಡುವೆ ಕೈಬಿಡುವವರು ಬಹಳ ಜನ ಇದ್ದಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಕೊಬ್ಬು ಅಲ್ಲಿಗೆ ಹೇಗೆ ಬಂತು?

ಮಟನ್ ಅಂಗಡಿಯಲ್ಲಿ ಈಲಿ ನೋಡಿದವರಿಗೆ ಗೊತ್ತು, ಒಳ್ಳೆಯ ಲಿವರ್ ಕಡುಗೆಂಪಾಗಿ, ನುಣುಪಾಗಿ ಇರುತ್ತದೆ. ಕೊಬ್ಬು ತುಂಬಿದ ಲಿವರ್ ಊದಿಕೊಳ್ಳುತ್ತದೆ, ಹಳದಿಗೆ ತಿರುಗುತ್ತದೆ. ನಮ್ಮ ಲಿವರ್ ಸುಮಾರು ಒಂದೂವರೆ ಕೇಜಿ ಇರುತ್ತದೆ. ಅದರಲ್ಲಿ ಕೊಬ್ಬಿನ ಪಾಲು 5 ಶೇಕಡಾ ದಾಟಿದರೆ ಅದಕ್ಕೆ ಫ್ಯಾಟಿ ಲಿವರ್ ಅನ್ನುತ್ತಾರೆ.

‘ನಾನು ಎಣ್ಣೆ ತಿಂಡಿ ತಿನ್ನೋದೇ ಇಲ್ಲ, ನನಗೆ ಹೇಗೆ ಬಂತು?’ ಅಂತ ಕೇಳುವವರು ಜಾಸ್ತಿ. ಲಿವರಿಗೆ ಕೊಬ್ಬು ಮೂರು ಬಾಗಿಲಿನಿಂದ ಬರುತ್ತದೆ. ಒಂದು, ಹೊಟ್ಟೆ, ಸೊಂಟದ ಬೊಜ್ಜಿನಿಂದ ಕರಗಿ ರಕ್ತಕ್ಕೆ ಸೇರುವ ಕೊಬ್ಬಿನಾಮ್ಲ. ಎರಡು, ಅನ್ನ, ಸಕ್ಕರೆ, ಬೆಲ್ಲದಂಥವು ಹೆಚ್ಚಾದಾಗ ಲಿವರ್ ತಾನೇ ಅದರಿಂದ ಹೊಸದಾಗಿ ತಯಾರಿಸುವ ಕೊಬ್ಬು. ಮೂರು, ಊಟದಲ್ಲಿ ನೇರವಾಗಿ ಬರುವ ಎಣ್ಣೆ, ತುಪ್ಪ. ಫ್ಯಾಟಿ ಲಿವರ್ ಇದ್ದವರಲ್ಲಿ ಈ ಮೂರರ ಪಾಲನ್ನು ಅಮೆರಿಕದ ಸಂಶೋಧಕರು ಅಳೆದು 2005ರಲ್ಲಿ ಪ್ರಕಟಿಸಿದರು. ಬೊಜ್ಜಿನಿಂದ ಬಂದದ್ದು ಸುಮಾರು 59 ಶೇಕಡಾ. ಲಿವರ್ ತಾನೇ ತಯಾರಿಸಿದ್ದು 26. ಊಟದ ಕೊಬ್ಬಿನದು 15 ಮಾತ್ರ. ಎಣ್ಣೆ ಬಿಟ್ಟರೂ ಫ್ಯಾಟಿ ಲಿವರ್ ಯಾಕೆ ಹೋಗುವುದಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಮೊದಲ ಎರಡು ಬಾಗಿಲ ಹತ್ತಿರವೂ ವ್ಯಾಯಾಮ ಕೆಲಸ ಮಾಡುತ್ತದೆ. ಎರಡನೇ ಬಾಗಿಲಲ್ಲಿ ಅದು ಹೇಗೆ ಅಂತ ತಿಳಿಯಲು ನಮ್ಮ ಸ್ನಾಯುಗಳನ್ನು ಊರಿನ ಕಣಜ ಅಂದುಕೊಳ್ಳಿ. ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲು ಹೋಗಿ ಕೂರಬೇಕಾದ್ದು ತೊಡೆ, ಬೆನ್ನು, ತೋಳಿನ ಸ್ನಾಯುಗಳಲ್ಲಿ, ಗ್ಲೈಕೋಜೆನ್ ಅನ್ನುವ ಕೂಡಿಟ್ಟ ಸಕ್ಕರೆಯ ರೂಪದಲ್ಲಿ. ದಿನವಿಡೀ ಕೂತಿದ್ದರೆ ಕಣಜ ಖಾಲಿಯಾಗುವುದೇ ಇಲ್ಲ. ಬಾಗಿಲೂ ತುಕ್ಕು ಹಿಡಿದಂತಾಗಿ ಇನ್ಸುಲಿನ್ ತಟ್ಟಿದರೂ ತೆರೆಯುವುದಿಲ್ಲ. ಆಗ ಆ ಸಕ್ಕರೆ ಲಿವರಿನ ಕಡೆ ತಿರುಗುತ್ತದೆ. ಲಿವರ್ ಅದನ್ನು ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ.

ನಡೆದಾಗ, ಬಸ್ಕಿ ಹೊಡೆದಾಗ ಸ್ನಾಯು ತನ್ನ ಕಣಜವನ್ನು ಖರ್ಚು ಮಾಡುತ್ತದೆ. ಇನ್ಸುಲಿನ್ ಸಹಾಯವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2011ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದ ಯುವಜನರಿಂದ ಒಂದೇ ಒಂದು ಸಲ, 45 ನಿಮಿಷ ವ್ಯಾಯಾಮ ಮಾಡಿಸಿದರು. ಆಮೇಲೆ ಸಕ್ಕರೆ ಅಂಶ ಜಾಸ್ತಿ ಇರುವ ಊಟ ಕೊಟ್ಟರು. ವ್ಯಾಯಾಮ ಮಾಡದೆ ಅದೇ ಊಟ ಮಾಡಿದ ದಿನಕ್ಕೆ ಹೋಲಿಸಿದರೆ ಲಿವರ್ ಹೊಸದಾಗಿ ಕೊಬ್ಬು ತಯಾರಿಸುವುದು ಸುಮಾರು 30 ಶೇಕಡಾ ಕಡಿಮೆಯಾಗಿತ್ತು. ಒಂದೇ ದಿನದ ವ್ಯಾಯಾಮಕ್ಕೆ ಇಷ್ಟು ಫಲ!

ತೂಕದ ವಿಷಯಕ್ಕೆ ಬರೋಣ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸ್ಥೂಲಕಾಯದವರಿಂದ ನಾಲ್ಕು ವಾರ ಸೈಕಲ್ ತುಳಿಸಿದ ಅಧ್ಯಯನ 2009ರಲ್ಲಿ ಬಂತು. ಅವರ ತೂಕ ಬದಲಾಗಲಿಲ್ಲ. ಲಿವರಿನ ಕೊಬ್ಬು ಮಾತ್ರ ಮೊದಲಿದ್ದುದಕ್ಕಿಂತ 21 ಶೇಕಡಾ ಇಳಿದಿತ್ತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಭಾರ ಎತ್ತುವ ವ್ಯಾಯಾಮ ಮಾತ್ರ ಎಂಟು ವಾರ ಮಾಡಿಸಿದರು. ಅಲ್ಲೂ ತೂಕ ಇಳಿಯಲಿಲ್ಲ, ಲಿವರಿನ ಕೊಬ್ಬು 13 ಶೇಕಡಾ ಇಳಿಯಿತು. ಇವೆರಡೂ ಸಣ್ಣ ಅಧ್ಯಯನಗಳೇ. ಆದರೆ ಆಮೇಲೆ ಬಂದ ದೊಡ್ಡವೂ ಇದೇ ದಿಕ್ಕನ್ನು ತೋರಿಸಿವೆ.

ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಹೆಚ್ಚುಕಡಿಮೆ 150 ಕ್ಯಾಲರಿ. ಒಂದು ಸಿಹಿ ಕಾಫಿ, ಎರಡು ಬಿಸ್ಕತ್ತಿಗೆ ಅದು ಸರಿಹೋಗುತ್ತದೆ. ತೂಕ ಇಳಿಯುವುದು ನಿಧಾನ ಆಗುವುದು ಇದಕ್ಕೇ. ಲಿವರಿಗೆ ಸಿಗುವ ಲಾಭದ ಲೆಕ್ಕವೇ ಬೇರೆ.

ಹೆಜ್ಜೆ 1: ಕೈಲಿರುವ ರಿಪೋರ್ಟನ್ನು ಸರಿಯಾಗಿ ಓದಿ

ಗ್ರೇಡ್ 1, 2, 3 ಅನ್ನುವುದು ಸ್ಕ್ಯಾನಿಂಗ್ ಪರದೆಯಲ್ಲಿ ಲಿವರ್ ಎಷ್ಟು ಬೆಳ್ಳಗೆ ಕಂಡಿತು ಎಂಬುದರ ಅಂದಾಜು. ಕೊಬ್ಬು 20 ಶೇಕಡಾದಷ್ಟು ಆಗುವ ತನಕ ಸಾಮಾನ್ಯ ಸ್ಕ್ಯಾನಿಂಗಿನಲ್ಲಿ ಅದು ಸರಿಯಾಗಿ ಕಾಣಿಸದೇ ಇರಬಹುದು. ಹಾಗಾಗಿ ‘ಗ್ರೇಡ್ 1 ತಾನೇ, ಎಲ್ಲರಿಗೂ ಇರುತ್ತೆ’ ಅಂತ ಸುಮ್ನೆ ಬಿಡಬೇಡಿ. ಗ್ರೇಡ್ 3 ಅಂದ ಕೂಡಲೇ ಲಿವರ್ ಹೋಯಿತು ಅಂತ ಹೆದರುವುದೂ ಬೇಡ. ಮುಖ್ಯವಾಗಿ ನೋಡಬೇಕಾದ್ದು ಲಿವರ್ ಗಟ್ಟಿಯಾಗಲು, ಅಂದರೆ ಗಾಯದ ಕಲೆ ಕಟ್ಟಲು ಶುರುವಾಗಿದೆಯೋ ಇಲ್ಲವೋ ಅನ್ನುವುದನ್ನು.

ಇದಕ್ಕೊಂದು ಸರಳ ಲೆಕ್ಕ ಇದೆ, ಹೆಸರು ‘ಫಿಬ್-4’. ಮನೆಯಲ್ಲೇ ಮಾಡಬಹುದು. ಬೇಕಾದ ಸಂಖ್ಯೆಗಳು ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಇರುತ್ತವೆ: ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನುವ ಎರಡು ಲಿವರ್ ಕಿಣ್ವಗಳು (ಎನ್ಜೈಮ್) ಮತ್ತು ಪ್ಲೇಟ್‌ಲೆಟ್. ನಿಮ್ಮ ವಯಸ್ಸನ್ನು ಎಸ್‌ಜಿಒಟಿ ಸಂಖ್ಯೆಯಿಂದ ಗುಣಿಸಿ. ಎಸ್‌ಜಿಪಿಟಿ ಸಂಖ್ಯೆಯ ವರ್ಗಮೂಲ ತೆಗೆದು ಅದನ್ನು ಪ್ಲೇಟ್‌ಲೆಟ್ ಸಂಖ್ಯೆಯಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪ್ಲೇಟ್‌ಲೆಟ್ ಎರಡೂವರೆ ಲಕ್ಷ ಅಂತಿದ್ದರೆ 250 ಅಂತ ತೆಗೆದುಕೊಳ್ಳಬೇಕು. ಉದಾಹರಣೆಗೆ ವಯಸ್ಸು 45, ಎಸ್‌ಜಿಒಟಿ 40, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 250 ಅನ್ನಿ. 45ನ್ನು 40ರಿಂದ ಗುಣಿಸಿದರೆ 1800. 49ರ ವರ್ಗಮೂಲ 7, ಅದನ್ನು 250ರಿಂದ ಗುಣಿಸಿದರೆ 1750. ಭಾಗಿಸಿದರೆ ಸುಮಾರು 1.03.

ಉತ್ತರ 1.3ಕ್ಕಿಂತ ಕಡಿಮೆ ಇದ್ದರೆ ಲಿವರ್ ಗಟ್ಟಿಯಾಗಿರುವ ಸಂಭವ ಕಡಿಮೆ. 65 ದಾಟಿದವರಿಗೆ ಈ ಗಡಿಯನ್ನು 2 ಅಂತ ಇಟ್ಟುಕೊಳ್ಳುತ್ತಾರೆ. ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರ ಹತ್ತಿರ ಫೈಬ್ರೋಸ್ಕ್ಯಾನ್ ಬಗ್ಗೆ ಕೇಳಿ. ಅದು ಸೂಜಿ ಚುಚ್ಚದೆ, ನೋವಿಲ್ಲದೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಪರೀಕ್ಷೆ. 35 ವರ್ಷಕ್ಕಿಂತ ಚಿಕ್ಕವರಲ್ಲಿ ಫಿಬ್-4 ಅಷ್ಟು ನಂಬಿಕೆಗೆ ಬರುವುದಿಲ್ಲ.

ಜೊತೆಗೆ ಒಂದು ಟೇಲರ್ ಟೇಪ್ ತಂದು ಹೊಕ್ಕಳಿನ ಮಟ್ಟದಲ್ಲಿ, ಉಸಿರು ಬಿಟ್ಟು ಸೊಂಟ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಭಾರತೀಯರಿಗೆ ಗಡಿ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80. ಈ ಸಂಖ್ಯೆಯನ್ನು ತಾರೀಕಿನ ಜೊತೆ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮುಂದೆ ಬೇಕಾಗುತ್ತದೆ.

ತೆಳ್ಳಗಿರುವವರೂ ಇದನ್ನು ಓದಿ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರಲ್ಲಿ 9.1 ಶೇಕಡಾ, ಯಾಜ್ಞಿಕ್ ಅವರಲ್ಲಿ 21.2. ನಮ್ಮ ಮೈಕಟ್ಟೇ ಹಾಗೆ. ಕೈಕಾಲು ಸಣ್ಣ, ಸ್ನಾಯು ಕಡಿಮೆ, ಕೊಬ್ಬು ಹೊಟ್ಟೆಯೊಳಗೆ. ‘ನಿಮಗೇನ್ರೀ, ಕಡ್ಡಿ ಥರ ಇದ್ದೀರಿ’ ಅನ್ನಿಸಿಕೊಳ್ಳುವವರ ರಿಪೋರ್ಟಿನಲ್ಲೂ ಫ್ಯಾಟಿ ಲಿವರ್ ಬರುತ್ತದೆ. ಅಂಥವರಿಗೆ ಮುಂದೆ ಬರುವ ಬಸ್ಕಿಯ ಭಾಗ ಎಲ್ಲರಿಗಿಂತ ಮುಖ್ಯ.

ಹೆಜ್ಜೆ 2: ಯಾರು ಮೊದಲು ವೈದ್ಯರನ್ನು ಕೇಳಲೇಬೇಕು

ನಡೆಯುವಾಗ ಎದೆ ಹಿಡಿದಂತಾಗುವವರು, ಹೃದಯದ ತೊಂದರೆ ಇರುವವರು, ಬಿಪಿ ಹತೋಟಿಗೆ ಬರದವರು ಕೇಳದೆ ಶುರು ಮಾಡಬೇಡಿ. ಲಿವರ್ ಸಿರೋಸಿಸ್, ಅಂದರೆ ಕಲೆ ಕಟ್ಟಿ ಪೂರ್ತಿ ಗಟ್ಟಿಯಾದ ಹಂತ, ತಲುಪಿದ್ದರೆ ಭಾರ ಎತ್ತುವುದು ಅಪಾಯ ತರಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ನಡೆದಾಗ ಶುಗರ್ ಥಟ್ಟನೆ ಇಳಿಯಬಹುದು. ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣವೋ ನಾಲ್ಕು ಸಕ್ಕರೆ ಮಿಠಾಯಿಯೋ ಇರಲಿ. ಮಾತ್ರೆಯ ಪ್ರಮಾಣ ಬದಲಿಸಬೇಕೇ ಅಂತ ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 3: ನಡಿಗೆ

ಗುರಿ ವಾರಕ್ಕೆ 150 ನಿಮಿಷ ಬಿರುಸು ನಡಿಗೆ. 2023ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 14 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ವಾರಕ್ಕೆ ಇಷ್ಟು ಅಥವಾ ಜಾಸ್ತಿ ವ್ಯಾಯಾಮ ಮಾಡಿದವರಲ್ಲಿ ಲಿವರಿನ ಕೊಬ್ಬು ಮಹತ್ವದ ಮಟ್ಟಕ್ಕೆ, ಅಂದರೆ ಇದ್ದುದರಲ್ಲಿ 30 ಶೇಕಡಾದಷ್ಟು ಇಳಿಯುವ ಸಾಧ್ಯತೆ ಹೆಚ್ಚು ಅಂತ ಕಂಡುಬಂತು.

ಓಡಲೇಬೇಕಾ? ಬೇಕಿಲ್ಲ. ಚೀನಾದ ಶಿಯಾಮೆನ್ ನಗರದಲ್ಲಿ 220 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪು ಮೊದಲ ಆರು ತಿಂಗಳು ಓಡಿತು, ಇನ್ನೊಂದು ಬಿರುಸಾಗಿ ನಡೆಯಿತು. ಎರಡೂ ಗುಂಪಿನಲ್ಲಿ ಲಿವರಿನ ಕೊಬ್ಬು ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ಮಂಡಿ ನೋವಿರುವವರಿಗೆ ಇದು ಒಳ್ಳೆಯ ಸುದ್ದಿ.

ಆದರೆ ‘ಬಿರುಸು’ ಅಂದರೆ ಬಿರುಸೇ. ಪಾರ್ಕಿನಲ್ಲಿ ನಾಲ್ಕು ಜನ ಸಾಲಾಗಿ ರಾಜಕೀಯ ಮಾತಾಡುತ್ತಾ ಹೋಗುವ ನಡಿಗೆ ಮನಸ್ಸಿಗೆ ಹಿತ. ಲಿವರಿಗೆ ಅದು ಸಾಲದು. ನಿಮ್ಮ ವೇಗ ನೀವೇ ಪರೀಕ್ಷಿಸಿಕೊಳ್ಳಿ. ಗಡಿಯಾರ ನೋಡಿ 30 ಸೆಕೆಂಡಿನಲ್ಲಿ ಎಷ್ಟು ಹೆಜ್ಜೆ ಬಿತ್ತು ಅಂತ ಎಣಿಸಿ. 50 ಅಥವಾ ಹೆಚ್ಚು ಇರಬೇಕು, ನಿಮಿಷಕ್ಕೆ 100ರ ಲೆಕ್ಕ. ಇನ್ನೊಂದು ಗುರುತು: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಂದು ಚರಣ ಗುನುಗಿ ನೋಡಿ. ನಡುವೆ ಉಸಿರು ಕಟ್ಟಿದರೆ ವೇಗ ಸರಿಯಾಗಿದೆ.

ನಾನು ಎರಡನೇ ಸಲ ಶುರು ಮಾಡಿದಾಗ ಅನುಸರಿಸಿದ್ದು ಹೀಗೆ. ಮೊದಲ ಎರಡು ವಾರ ದಿನಕ್ಕೆ 10 ನಿಮಿಷ, ವಾರಕ್ಕೆ ಐದು ದಿನ. ಇಷ್ಟು ಕಡಿಮೆಯಾ ಅನ್ನಿಸಬಹುದು. ಅಭ್ಯಾಸ ಬೇರೂರುವುದು ಈ ಎರಡು ವಾರದಲ್ಲೇ. ಹಿಂದಿನ ಸಲ ಮೊದಲ ದಿನವೇ ಒಂದು ಗಂಟೆ ನಡೆದು ಹಿಮ್ಮಡಿ ನೋವು ತಂದುಕೊಂಡಿದ್ದೆ. ಮೂರು, ನಾಲ್ಕನೇ ವಾರ 20 ನಿಮಿಷ. ಐದು, ಆರನೇ ವಾರ 25. ಏಳನೇ ವಾರದಿಂದ 30. ಅಲ್ಲಿಗೆ 150 ನಿಮಿಷ ಸಿಕ್ಕಿತು. ಒಂಬತ್ತನೇ ವಾರದಿಂದ ಸಮಯ ಹೆಚ್ಚಿಸುವ ಬದಲು ಏರು ದಾರಿ ಸೇರಿಸಿದೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇದೆ. ಮಲೆನಾಡಿನವರಿಗೆ ಮನೆಯ ಹೊರಗೆ ಕಾಲಿಟ್ಟರೆ ಏರೇ. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಲಿಫ್ಟ್ ಬಿಟ್ಟು ನಾಲ್ಕು ಮಹಡಿ ಹತ್ತಬಹುದು. ಇಳಿಯುವಾಗ ಮಂಡಿಗೆ ಭಾರ ಬೀಳುತ್ತದೆ, ಹಾಗಾಗಿ ಮಂಡಿ ತೊಂದರೆ ಇರುವವರು ಇಳಿಯಲು ಲಿಫ್ಟ್ ಬಳಸಿ.

ಸುಸ್ತಿರುವ ದಿನ 30 ನಿಮಿಷವನ್ನು ಮೂರು ಹತ್ತಾಗಿ ಒಡೆಯಿರಿ. ಮಳೆ ಬಂದರೆ ಪಡಸಾಲೆಯಲ್ಲೇ ನಡೆಯಿರಿ, ಇಲ್ಲ ನಿಂತಲ್ಲೇ ಮೊಣಕಾಲು ಎತ್ತಿ ಹೆಜ್ಜೆ ಹಾಕಿ. ಚಪ್ಪಲಿಯಲ್ಲಿ ಬಿರುಸು ಬರುವುದಿಲ್ಲ. ಒಂದು ಜೊತೆ ಹಗುರ ಶೂಗೆ ದುಡ್ಡು ಹಾಕಿ. ಸೀರೆ ಉಡುವ ಅಮ್ಮಂದಿರೂ ಶೂ ಹಾಕಿಕೊಳ್ಳಲಿ. ನಾಚಿಕೆ ಎರಡು ದಿನ ಅಷ್ಟೇ.

‘ಬೆಳಗ್ಗೆಯಿಂದ ಮನೆಕೆಲಸ ಮಾಡ್ತೀನಲ್ಲ, ಸಾಲದಾ?’ ಅನ್ನುವ ಪ್ರಶ್ನೆ ನಮ್ಮ ಮನೆಯಲ್ಲೂ ಬಂತು. ನೀರು ಹೊರುವುದು, ಹೊಲದ ಕೆಲಸ, ಬಟ್ಟೆ ಒಗೆಯುವುದು ಉಸಿರು ಏರಿಸಿದರೆ ಖಂಡಿತ ಲೆಕ್ಕಕ್ಕೆ ಬರುತ್ತವೆ. ಒಲೆ ಮುಂದೆ ನಿಂತಿರುವುದು ದಣಿವು ತರುತ್ತದೆ, ಉಸಿರು ಏರಿಸುವುದಿಲ್ಲ. ಹಾಗಾಗಿ ಅಡುಗೆಮನೆಯ ದಣಿವಿನ ಮೇಲೆ ಅರ್ಧ ಗಂಟೆಯ ನಡಿಗೆಯನ್ನೂ ಹೇರಬೇಡಿ. ಮನೆಯವರು ಅವರಿಗೆ ನಡೆಯಲು ಅರ್ಧ ಗಂಟೆ ಬಿಡುವು ಮಾಡಿಕೊಡಿ, ಆ ಹೊತ್ತಿನ ಅಡುಗೆ ಇನ್ನೊಬ್ಬರು ನೋಡಿಕೊಳ್ಳಲಿ.

ಹೆಜ್ಜೆ 4: ಬಸ್ಕಿ ಮತ್ತು ಗೋಡೆ

ನಡಿಗೆ ಕಣಜವನ್ನು ಖಾಲಿ ಮಾಡುತ್ತದೆ, ಬಲದ ವ್ಯಾಯಾಮ ಕಣಜವನ್ನೇ ದೊಡ್ಡದು ಮಾಡುತ್ತದೆ. ನಮ್ಮ ಗರಡಿಮನೆಗಳಲ್ಲಿ ತಲೆತಲಾಂತರದಿಂದ ದಂಡ, ಬಸ್ಕಿ ಹೊಡೆಸುತ್ತಾ ಬಂದಿದ್ದಾರೆ. ಯಾವ ಯಂತ್ರವೂ ಬೇಡ, ಜಿಮ್ಮಿನ ಫೀಸೂ ಬೇಡ. ಬಸ್ಕಿಯಲ್ಲಿ ತೊಡೆ, ಪೃಷ್ಠ ಎರಡೂ ದುಡಿಯುತ್ತವೆ. ಮೈಯಲ್ಲಿ ದೊಡ್ಡ ಸ್ನಾಯುಗಳು ಇರುವುದು ಅಲ್ಲೇ.

ಕುರ್ಚಿಯಿಂದ ಶುರು ಮಾಡಿ. ಕೈ ಎದೆಗೆ ಕಟ್ಟಿ, ಕುರ್ಚಿಯ ತುದಿಯಲ್ಲಿ ಕೂತು ಎದ್ದೇಳಿ. ಮತ್ತೆ ನಿಧಾನವಾಗಿ, ಮೂರು ಎಣಿಸುತ್ತಾ ಕೂರಿ. ಧೊಪ್ಪನೆ ಬೀಳಬೇಡಿ. ನಿಧಾನವಾಗಿ ಇಳಿದಷ್ಟೂ ಸ್ನಾಯುವಿಗೆ ಕೆಲಸ ಜಾಸ್ತಿ. 8ರಿಂದ 12 ಸಲ ಮಾಡಿ ಒಂದು ನಿಮಿಷ ವಿಶ್ರಾಂತಿ, ಮತ್ತೆ ಅಷ್ಟೇ ಸಲ. 12 ಸಲೀಸಾದ ಮೇಲೆ ಕುರ್ಚಿ ಪಕ್ಕಕ್ಕಿಟ್ಟು ಅರ್ಧ ಬಸ್ಕಿ. ಅದೂ ಸಲೀಸಾದರೆ ಪೂರ್ತಿ ಬಸ್ಕಿ, ಇಲ್ಲವೇ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಹಾಕಿಕೊಂಡು ಮತ್ತೆ ಕುರ್ಚಿ. ಮಂಡಿ ಚುರುಕ್ ಅಂದರೆ ಇಳಿಯುವ ಆಳ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ.

ಎದೆ, ತೋಳಿಗೆ ದಂಡ. ನೆಲದ ಮೇಲೆ ಆಗದಿದ್ದರೆ ಗೋಡೆಗೆ ಕೈಯಿಟ್ಟು ತಳ್ಳಿ, ಆಮೇಲೆ ಅಡುಗೆ ಕಟ್ಟೆಗೆ, ಕೊನೆಗೆ ನೆಲಕ್ಕೆ ಬನ್ನಿ. ಬೆನ್ನಿಗೆ, ಐದು ಲೀಟರ್ ನೀರಿನ ಕ್ಯಾನನ್ನು ಬಾಗಿ ನಿಂತು ಸೊಂಟದ ಕಡೆಗೆ ಎಳೆಯಿರಿ. ಮಲಗಿ ಮೊಣಕಾಲು ಮಡಚಿ ಸೊಂಟ ಮೇಲೆತ್ತುವುದು, ಕಾಲ್ಬೆರಳುಗಳ ಮೇಲೆ ನಿಂತು ಹಿಮ್ಮಡಿ ಎತ್ತುವುದು. ಈ ಐದಕ್ಕೆ ಬೇಕಾಗುವುದು 20 ನಿಮಿಷ. ವಾರಕ್ಕೆ ಎರಡು ದಿನ, ನಡುವೆ ಒಂದು ದಿನವಾದರೂ ಅಂತರ. ಮೂರು ದಿನ ಆದರೆ ಇನ್ನೂ ಒಳ್ಳೆಯದು. ಎತ್ತುವಾಗ ಉಸಿರು ಬಿಡಿ, ಹಿಡಿದಿಟ್ಟುಕೊಳ್ಳಬೇಡಿ. ಬಿಪಿ ಇರುವವರಿಗೆ ಈ ಮಾತು ಬಹಳ ಮುಖ್ಯ.

ಸೂರ್ಯನಮಸ್ಕಾರ ಮಾಡುವವರು ಸ್ವಲ್ಪ ವೇಗವಾಗಿ, ಉಸಿರು ಏರುವಷ್ಟು ಸುತ್ತು ಮಾಡಿದರೆ ನಡಿಗೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಆದರೂ ಬಸ್ಕಿ ಬಿಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಡಿಗೆ ಬಗ್ಗೆ ಎಲ್ಲರೂ ಹೇಳುತ್ತಾರೆ, ಇದರ ಬಗ್ಗೆ ಯಾರೂ ಹೇಳುವುದಿಲ್ಲ. ನಲವತ್ತು ದಾಟಿದ ಮೇಲೆ ಸ್ನಾಯು ತಾನಾಗಿಯೇ ಕರಗುತ್ತಾ ಹೋಗುತ್ತದೆ. ಅದನ್ನು ಉಳಿಸಿಕೊಳ್ಳದೆ ಲಿವರಿನ ಭಾರ ಇಳಿಸುವುದು ಕಷ್ಟ.

ಹೆಜ್ಜೆ 5: ಎರಡು ದಿನಕ್ಕಿಂತ ಜಾಸ್ತಿ ಬಿಡಬೇಡಿ

ಒಂದು ಸಲದ ವ್ಯಾಯಾಮದಿಂದ ಸ್ನಾಯುಗಳು ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುವುದು ಒಂದರಿಂದ ಮೂರು ದಿನ. ಆಮೇಲೆ ಹಳೇ ಕಥೆ. ಭಾನುವಾರ ಎರಡು ಗಂಟೆ ಟ್ರೆಕ್ಕಿಂಗ್ ಮಾಡಿ ಉಳಿದ ಆರು ದಿನ ಕೂತರೆ ಲಾಭ ಉಳಿಯುವುದಿಲ್ಲ. ವಾರದ ನಡುವೆ ಹಂಚಿ.

ಬಿಟ್ಟರೆ ಎಷ್ಟು ಬೇಗ ಹಿಂದಕ್ಕೆ ಹೋಗುತ್ತದೆ ಅಂತ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ನೋಡಿದ್ದಾರೆ. ದಿನಕ್ಕೆ ಹತ್ತು ಸಾವಿರಕ್ಕಿಂತ ಜಾಸ್ತಿ ಹೆಜ್ಜೆ ಹಾಕುತ್ತಿದ್ದ ಆರೋಗ್ಯವಂತರನ್ನು 14 ದಿನ ಬಹುತೇಕ ಕೂರಿಸಿದರು. ಅಷ್ಟರಲ್ಲೇ ಲಿವರಿನ ಕೊಬ್ಬು ಏರಿತು. ಮತ್ತೆ 14 ದಿನ ಮೊದಲಿನಂತೆ ಓಡಾಡಿದಾಗ ಹಳೆಯ ಮಟ್ಟಕ್ಕೆ ಬಂತು. ಮದುವೆ, ಜಾತ್ರೆ, ಜ್ವರ ಅಂತ ತಪ್ಪಿದರೆ ‘ಎಲ್ಲ ಹಾಳಾಯ್ತು’ ಅಂದುಕೊಳ್ಳಬೇಡಿ. ಮತ್ತೆ ಶುರು ಮಾಡಿದರೆ ಲಿವರ್ ಕೂಡಲೇ ಸ್ಪಂದಿಸುತ್ತದೆ.

ಕೂತು ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಹೈದರಾಬಾದಿನ ಐಟಿ ಉದ್ಯೋಗಿಗಳ ಬಗ್ಗೆ 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷೆಗೆ ಒಳಗಾದ 345 ಜನರಲ್ಲಿ 84 ಶೇಕಡಾ ಮಂದಿಯ ಲಿವರಿನಲ್ಲಿ ಕೊಬ್ಬು ಜಾಸ್ತಿ ಇತ್ತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕೆಲಸ ಮಾಡುವವರ ದಿನಚರಿ ಇದಕ್ಕಿಂತ ಬೇರೆ ಏನಲ್ಲ, ಅಲ್ವಾ? ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ಫೋನ್ ಬಂದರೆ ನಿಂತು ಮಾತಾಡಿ. ರಾತ್ರಿ ಊಟವಾದ ಮೇಲೆ ಸೋಫಾಗೆ ಹೋಗುವ ಮುನ್ನ 10 ನಿಮಿಷ ಬೀದಿಯಲ್ಲಿ ಒಂದು ಸುತ್ತು ಹಾಕಿ. ಊಟದ ಸಕ್ಕರೆ ರಕ್ತಕ್ಕೆ ಬರುವ ಹೊತ್ತಿಗೆ ಸ್ನಾಯು ಎಚ್ಚರ ಇದ್ದರೆ ಅದು ಲಿವರಿನ ಕಡೆ ಹೋಗುವುದು ಕಡಿಮೆ.

ಹೆಜ್ಜೆ 6: ವ್ಯಾಯಾಮದ ಫಲವನ್ನು ತಿಂದುಹಾಕುವ ಮೂರು ಅಭ್ಯಾಸ

ಆಹಾರದ ಬಗ್ಗೆ ಉದ್ದಕ್ಕೆ ಹೇಳಲು ಹೋಗುವುದಿಲ್ಲ. ನಡೆದು ಬಂದ ಮೇಲೆ ಜ್ಯೂಸ್ ಕುಡಿಯುವುದನ್ನು ನಿಲ್ಲಿಸಿ, ಕಬ್ಬಿನ ಹಾಲೂ ಸೇರಿ. ಹಣ್ಣು, ಸಕ್ಕರೆ, ಬೆಲ್ಲ, ಜೇನುತುಪ್ಪ ಎಲ್ಲದರಲ್ಲೂ ಇರುವ ಫ್ರಕ್ಟೋಸ್ ಅನ್ನುವ ಸಕ್ಕರೆಯನ್ನು ಸಂಭಾಳಿಸುವ ಕೆಲಸ ಹೆಚ್ಚಾಗಿ ಲಿವರಿನದೇ. ಹಣ್ಣನ್ನು ಕಚ್ಚಿ ತಿಂದರೆ ತೊಂದರೆ ಇಲ್ಲ, ಲೋಟಗಟ್ಟಲೆ ಹಿಂಡಿ ಕುಡಿದರೆ ಕಷ್ಟ. ಇನ್ನು ಮದ್ಯ. ಲಿವರಿನಲ್ಲಿ ಕೊಬ್ಬು ಇರುವಾಗ ಕುಡಿಯುವುದನ್ನು ಯಾವ ನಡಿಗೆಯೂ ಸರಿದೂಗಿಸುವುದಿಲ್ಲ. ಬಿಡುವುದೇ ದಾರಿ. ಮೂರನೆಯದು, ‘ಲಿವರ್ ಕ್ಲೀನ್’ ಮಾಡುವ ಪುಡಿ, ಕಷಾಯ. ಅಮೃತಬಳ್ಳಿ ತೆಗೆದುಕೊಂಡು ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಗಿಡಮೂಲಿಕೆ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂದುಕೊಳ್ಳಬೇಡಿ.

ತೂಕ ಇಳಿಯದೆಯೂ ಲಾಭ ಇದೆ ಅಂದೆ. ತೂಕವೂ ಇಳಿದರೆ ಲಾಭ ಇನ್ನೂ ಜಾಸ್ತಿ ಅನ್ನುವುದೂ ನಿಜ. ಕ್ಯೂಬಾದಲ್ಲಿ 293 ಜನರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಬಂತು. ಅವರೆಲ್ಲ ಕೊಬ್ಬಿನ ಜೊತೆ ಲಿವರಿನ ಉರಿಯೂತವೂ ಇದ್ದವರು. ತೂಕದಲ್ಲಿ 7ರಿಂದ 10 ಶೇಕಡಾ ಇಳಿಸಿಕೊಂಡ ಬಹಳ ಜನರಲ್ಲಿ ಉರಿಯೂತ ತಗ್ಗಿತು. 10 ದಾಟಿದವರಲ್ಲಿ ಗಾಯದ ಕಲೆಯೂ ಹಿಮ್ಮೆಟ್ಟಿದ್ದು ಕಂಡಿತು. 80 ಕೇಜಿ ಇರುವವರಿಗೆ 7 ಶೇಕಡಾ ಅಂದರೆ ಐದೂವರೆ ಕೇಜಿ. ಒಂದು ವರ್ಷದಲ್ಲಿ ಅಷ್ಟು ಆಗದ ಮಾತಲ್ಲ. ಮುದ್ದೆ, ಅನ್ನದ ಗಾತ್ರ ಸ್ವಲ್ಪ ಇಳಿಸಿ ಆ ಜಾಗದಲ್ಲಿ ಕಾಳು, ಸೊಪ್ಪು, ಮೊಟ್ಟೆ, ಮೀನು ಹಾಕಿಕೊಳ್ಳಿ.

ಹೆಜ್ಜೆ 7: ಹನ್ನೆರಡು ವಾರದ ಮೇಲೆ ಏನು ಅಳೆಯಬೇಕು

ತೂಕ ನೋಡುವುದಿದ್ದರೆ ವಾರಕ್ಕೊಮ್ಮೆ ಸಾಕು. ಅದಕ್ಕಿಂತ ಮೊದಲು ಸೊಂಟದ ಟೇಪ್ ತೆಗೆಯಿರಿ. ತೂಕ ಇದ್ದಷ್ಟೇ ಇದ್ದು ಪ್ಯಾಂಟು ಸಡಿಲವಾಗಿದ್ದರೆ ಹೊಟ್ಟೆಯೊಳಗಿನ ಕೊಬ್ಬು ಹೋಗಿ ಸ್ನಾಯು ಬಂದಿರಬಹುದು. ಮೊದಲ ದಿನ ಎರಡು ಮಹಡಿ ಹತ್ತುವಾಗ ಉಸಿರು ಹೇಗಿತ್ತು, ಈಗ ಹೇಗಿದೆ, ಇದನ್ನೂ ಬರೆದಿಡಿ. ರಕ್ತದಲ್ಲಿ ಎಸ್‌ಜಿಪಿಟಿ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು), ಮೂರು ತಿಂಗಳ ಸರಾಸರಿ ಶುಗರ್ ನೋಡಿಸಿ.

ಇಲ್ಲೊಂದು ಎಚ್ಚರಿಕೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅಭ್ಯಾಸವಿಲ್ಲದ ಭಾರೀ ವ್ಯಾಯಾಮ ಮಾಡಿದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಸ್ನಾಯುಗಳಿಂದಲೇ ರಕ್ತಕ್ಕೆ ಸೇರಿ ಒಂದು ವಾರದ ತನಕ ಏರಿರಬಹುದು. ನಾನು ಹೊಸದಾಗಿ ಬ್ಯಾಗ್ ಹೊತ್ತು ಬಸ್ಕಿ ಹೊಡೆದ ಮೂರನೇ ದಿನ ರಕ್ತ ಕೊಟ್ಟೆ. ಸಂಖ್ಯೆಗಳು ಮೊದಲಿಗಿಂತ ಮೇಲಿದ್ದವು. ಆ ರಾತ್ರಿ ನಿದ್ದೆ ಬರಲಿಲ್ಲ. ಹತ್ತು ದಿನ ಬರೀ ನಡಿಗೆ ಮಾಡಿ ಮತ್ತೆ ಕೊಟ್ಟಾಗ ಎರಡೂ ಇಳಿದಿದ್ದವು. ಹಾಗಾಗಿ ಪರೀಕ್ಷೆಗೆ ಒಂದು ವಾರ ಮೊದಲಿನಿಂದ ಭಾರದ ವ್ಯಾಯಾಮ ಬೇಡ, ನಡಿಗೆ ಇರಲಿ. ಫೈಬ್ರೋಸ್ಕ್ಯಾನಿಗೆ ಹೋಗುವುದಾದರೆ ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು. ಹೊಟ್ಟೆ ತುಂಬಿದ್ದರೆ ಲಿವರ್ ಇದ್ದುದಕ್ಕಿಂತ ಗಟ್ಟಿ ಅಂತ ತೋರಿಸುತ್ತದೆ. ಸಾಮಾನ್ಯ ಸ್ಕ್ಯಾನಿಂಗನ್ನು ಮೂರು ತಿಂಗಳಿಗೇ ಮತ್ತೆ ಮಾಡಿಸುವ ಅಗತ್ಯ ಇಲ್ಲ. ಸಣ್ಣ ಬದಲಾವಣೆ ಅದರಲ್ಲಿ ಕಾಣುವುದಿಲ್ಲ, ಕಾಣದಿದ್ದರೆ ಮನಸ್ಸು ಕುಗ್ಗುತ್ತದೆ. ಆರು ತಿಂಗಳೋ ಒಂದು ವರ್ಷವೋ ಆದ ಮೇಲೆ, ಸಾಧ್ಯವಾದರೆ ಅದೇ ಕೇಂದ್ರದಲ್ಲಿ ಮಾಡಿಸಿ.

ನನ್ನ ಎರಡನೇ ಪ್ರಯತ್ನದ ಹನ್ನೆರಡು ವಾರ ಮುಗಿದಾಗ ತೂಕ ಇಳಿದಿದ್ದು ಒಂದೂವರೆ ಕೇಜಿ ಮಾತ್ರ. ಸೊಂಟ 97ರಿಂದ 92ಕ್ಕೆ ಬಂದಿತ್ತು. ಹದಿಮೂರನೇ ವಾರದ ಸೋಮವಾರ ಬೆಳಗ್ಗೆ ಆರಕ್ಕೆ ಮತ್ತೆ ಶೂ ಕಟ್ಟಿಕೊಂಡು ಹೊರಟೆ.